ಕೊನೆಯ ಹೊಲದ ಪಾಳಿ

ಚಂದ್ರಾಮಪ್ಪನವರು ಪೆನ್ ಡ್ರೈವನ್ನು ಸತ್ತ ಗುಬ್ಬಿಯಂತೆ ಅಂಗೈಯಲ್ಲಿಟ್ಟುಕೊಂಡು ಸಗರದ ದುರಗಮ್ಮನ ಬಾಗಿಲಿಗೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ಐದಕ್ಕೆ ಕಾಲುವೆಯ ಗೇಟು ಎತ್ತುತ್ತಾರೆ. ಯಾರ ಹೊಲಕ್ಕೆ ಯಾವಾಗ, ಎಷ್ಟು ತಾಸು ನೀರು ಎಂಬ ಪಾಳಿಪಟ್ಟಿ ಅದರೊಳಗಿತ್ತು. ಪ್ರಿಂಟ್ ತೆಗೆಸಲು ಶಹಾಪುರದ ಝೆರಾಕ್ಸ್ ಅಂಗಡಿಯೊಂದರಲ್ಲಿ ಚುಚ್ಚಿದ್ದೇ ತಡ, ಪಟ್ಟಿ ಮಾಯ, ಅದರ ಜಾಗದಲ್ಲಿ ಬರೀ ಒಂದು ಬಾಣದ ಗುರುತು. ವೈರಸ್ ಎಂದು ಹೇಳಿ ಅಂಗಡಿಯವನು ಕೈ ತೊಳೆದುಕೊಂಡಿದ್ದ.

“ಸಂಘದ ಕಂಪ್ಯೂಟರಿನಾಗ ಇನ್ನೊಂದು ಇರಬೇಕಲ್ರಿ ಕಾಕಾ?”

“ಇಲ್ಲವ್ವ. ಅಲ್ಲಿಂದ ಕಟ್ ಮಾಡಿ ಇದರಾಗ ಹಾಕಿದ್ನಿ.”

ಯಾಕೆ ಎಂಬುದು ದುರಗಮ್ಮನಿಗೆ ಗೊತ್ತಿತ್ತು. ಹೋದ ವರ್ಷ ಗೇಟಿನ ಮುಂದೆ ಎರಡು ಪಟ್ಟಿ ಬಂದು, ಎರಡೂ ಖರೇ ಎಂದು ಜನ ಹಟ ಹಿಡಿದು, ಮಾತು ಬಡಿಗೆಯವರೆಗೆ ಹೋಗಿತ್ತು. ಆವತ್ತೇ ನೀರಿನ ಸಂಘ ಠರಾವು ಮಾಡಿತು: ಇನ್ನು ಮೇಲೆ ಪಟ್ಟಿ ಒಂದೇ ಇರಬೇಕು. ಕಾರ್ಯದರ್ಶಿ ಚಂದ್ರಾಮಪ್ಪನವರು ಠರಾವನ್ನು ಅಕ್ಷರಶಃ ಪಾಲಿಸಿದ್ದರು. ನೂರಾ ಹದಿನಾಲ್ಕು ಹೊಲ, ಒಂದೊಂದಕ್ಕೂ ಇಷ್ಟು ತಾಸು, ಇಷ್ಟು ನಿಮಿಷ. ಹದಿನೈದು ದಿನ ಕೂತು, ಬೈದಾಡಿ ಒಪ್ಪಿದ ಲೆಕ್ಕ ಯಾರಿಗೆ ಬಾಯಿಪಾಠ ಬರಬೇಕು? ಈ ಸಲವೇ ಮೊದಲ ಬಾರಿಗೆ ಕಾಲುವೆಯ ಬಾಲದ ಹೊಲಗಳಿಗೆ ಮೊದಲು ನೀರು ಎಂದಾಗಿತ್ತು. ಪಟ್ಟಿ ಇಲ್ಲದಿದ್ದರೆ ಹಳೆಯ ಪದ್ಧತಿ: ಮೇಲಿನವರದು ಮುಗಿದು ಉಳಿದರೆ ಕೆಳಗಿನವರಿಗೆ. ಆರು ವರ್ಷ ಉಳಿದಿರಲಿಲ್ಲ. ಬಾಲದ ಕಟ್ಟಕಡೆಯ ಎರಡೆಕರೆ ಹತ್ತಿ ದುರಗಮ್ಮನ ಅತ್ತೆ ಸುಂದ್ರಮ್ಮನದು.

“ಯಾದಗಿರಿ ಕಂಪ್ಯೂಟರ್ ಅಂಗಡಿ ಫಕ್ರುದ್ದೀನಗ ಫೋನ್ ಮಾಡಿದ್ನಿ,” ಎಂದರು ಚಂದ್ರಾಮಪ್ಪ. “ಸಗರದಾಗ ಒಬ್ಬಾಕಿ ಇದ್ದಾಳ, ಆಕಿ ಮಷೀನಿಗಿ ಈ ರೋಗ ಹತ್ತಂಗಿಲ್ಲ ಅಂದ.”

ದುರಗಮ್ಮನಿಗೆ ನಗು ಬರಬೇಕಿತ್ತು, ಬರಲಿಲ್ಲ. ಇದೇ ಫಕ್ರುದ್ದೀನನ ಅಂಗಡಿಯಲ್ಲಿ ಆಕೆ ಹಳೆಯ ಕಂಪ್ಯೂಟರ್ ಡಬ್ಬಿ ಕೊಳ್ಳಲು ಹೋದಾಗ, ವಿಂಡೋಸ್ ಬದಲು ಕಂಪ್ಯೂಟರು ನಡೆಸುವ ಲಿನಕ್ಸ್ ಇದ್ದ ಪೆನ್ ಡ್ರೈವನ್ನು ಮನೆಯಿಂದ ತಂದು ಚುಚ್ಚಿ, ಅದು ಏಳುತ್ತದೋ, ಪ್ರಿಂಟರು ಮಾತು ಕೇಳುತ್ತದೋ ಎಂದು ಒಂದು ತಾಸು ನೋಡಿದ್ದಳು. ಎತ್ತು ಕೊಳ್ಳೋರು ಹಲ್ಲು ನೋಡ್ತಾರ, ಈಕಿ ಗಳೇ ಹೂಡೇ ನೋಡ್ತಾಳ ಎಂದು ಅವನು ಗಿರಾಕಿಗಳ ಮುಂದೆ ಆಡಿಕೊಂಡಿದ್ದ. ಚಂದದ ಹೊಸ ಪ್ರಿಂಟರು ಬಿಟ್ಟು ಕಲ್ಲಿನಂಥ ಹಳೆಯದನ್ನು ಆರಿಸಿದ್ದಕ್ಕೆ ಅತ್ತೆಯೂ ಬಿಡಲಿಲ್ಲ. ಪುಕ್ಕಟೆ ಸಿಗುವ ಲಿನಕ್ಸು ಎಂದು ತಿಳಿದ ಮೇಲಂತೂ, ಪುಕ್ಕಟೆ ಬಂದದ್ದು ಯಾವ ಕಾಲಕ್ಕ ಬಾಳ್ವಿ ಮಾಡ್ಯದ ಎಂಬ ಮಾತು ದಿನದ ಊಟದಂತಾಯಿತು.

ದುರಗಮ್ಮ ಪೆನ್ ಡ್ರೈವ್ ಚುಚ್ಚಿದಳು. ಇದ್ದದ್ದನ್ನೂ ನಾನೇ ಕೆಡಿಸಿದರೆ? ಊರಿಗೆ ಊರೇ ನನ್ನ ಹೆಸರು ಹೇಳುತ್ತದೆ. ಪರದೆ ಮೂಡಿತು. ಅಂಗಡಿಯಲ್ಲಿ ಕಂಡ ಬಾಣದ ಗುರುತಿನ ಪಕ್ಕದಲ್ಲೇ, ಅಲ್ಲಿ ಯಾರಿಗೂ ಕಾಣದಿದ್ದ, ಹೆಸರೇ ಇಲ್ಲದ ಒಂದು ಫೋಲ್ಡರು ಕೂತಿತ್ತು. ವೈರಸ್ಸು ಪಟ್ಟಿಯನ್ನು ಅಳಿಸಿರಲಿಲ್ಲ, ಅದರೊಳಗೆ ಬಚ್ಚಿಟ್ಟಿತ್ತು. ಆ ಬಚ್ಚಿಡುವಾಟ ಲಿನಕ್ಸಿನ ಮುಂದೆ ನಡೆಯುವುದಿಲ್ಲ. ತೆರೆದಳು. ಪಟ್ಟಿಯ ತುಂಬ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೆರೆ.

“ಇದು ಯಾವ ಭಾಷಾ ಆತವ್ವ?” ಚಂದ್ರಾಮಪ್ಪನವರು ಪರದೆಯ ಹತ್ತಿರ ಬಗ್ಗಿ ಕೇಳಿದರು.

ತಪ್ಪು ದುರಗಮ್ಮನದೇ. ಹೋದ ವಾರ ಎಲ್ಲ ಅಳಿಸಿ ಲಿನಕ್ಸನ್ನು ಹೊಸದಾಗಿ ಹಾಕಿಕೊಂಡಾಗ, ಸಂಘದವರು ಬಳಸುವ ಕನ್ನಡದ ನುಡಿ ಫಾಂಟನ್ನು ಮರಳಿ ಹಾಕಲು ಮರೆತಿದ್ದಳು. ಹಳೆಯ ಡಿಸ್ಕನ್ನು ಹುಡುಕಿ, ತಂತಿ ಸೇರಿಸಿ, ಫಾಂಟು ತಂದು, ಪಟ್ಟಿಯನ್ನು ಮುಚ್ಚಿ ಮತ್ತೆ ತೆರೆದಳು. ಮೊದಲ ಸಾಲಿನಲ್ಲಿ ಅಚ್ಚ ಕನ್ನಡದಲ್ಲಿ ಅತ್ತೆಯ ಹೆಸರಿತ್ತು: ನಾಲ್ಕು ತಾಸು, ಇಪ್ಪತ್ತು ನಿಮಿಷ. ಕಲ್ಲಿನಂಥ ಪ್ರಿಂಟರು ಒಮ್ಮೆ ಕೆಮ್ಮಿ, ಐದು ಹಾಳೆಯನ್ನು ಒಂದೇ ಉಸಿರಿಗೆ ಉಗುಳಿತು. ಕಾಗದ ಇನ್ನೂ ಬೆಚ್ಚಗಿರುವಾಗಲೇ ಚಂದ್ರಾಮಪ್ಪನವರು ಸಹಿ ಹಾಕಿದರು. ಅವರ ಹೊಲದ ಪಾಳಿ ನೂರಾ ಹತ್ತನೆಯದು. ಆದರೂ ಮೋಟರ್ ಸೈಕಲ್ಲನ್ನು ಅವರು ಆವತ್ತು ಓಡಿಸಿದಂತೆ ಎಂದೂ ಓಡಿಸಿರಲಿಲ್ಲ.

ಐದಕ್ಕೆ ಹತ್ತು ನಿಮಿಷ ಇರುವಾಗ ಪಟ್ಟಿ ಗೇಟಿನ ಗೋಡೆಗೆ ಅಂಟಿತು. ನೀರು ಬಾಲಕ್ಕೆ ಬರುವ ಹೊತ್ತಿಗೆ ದುರಗಮ್ಮ ಹೊಲ ಮುಟ್ಟಿದ್ದಳು. ಆರು ವರ್ಷ ಒಣಗಿದ್ದ ಕಾಲುವೆಯನ್ನು ಸುಂದ್ರಮ್ಮ ತನ್ನ ಅಂಗಳ ಮಾಡಿಕೊಂಡು, ಒಲೆಗೆಂದು ಹತ್ತಿಕಟ್ಟಿಗೆಯನ್ನೆಲ್ಲ ಅದರೊಳಗೇ ಒಟ್ಟಿದ್ದಳು. ಈಗ ಸೀರೆ ಮೇಲಕ್ಕೆ ಕಟ್ಟಿ, ಮೊಣಕಾಲು ನೀರಿನಲ್ಲಿ ನಿಂತು, ತೇಲಿ ಹೋಗುವ ಕಟ್ಟಿಗೆಯನ್ನು ಬಾಚಿ ಬಾಚಿ ದಂಡೆಗೆ ಎಸೆಯುತ್ತಿದ್ದಳು. ಸೊಸೆಯನ್ನು ಕಂಡದ್ದೇ ಬೈದಳು:

“ನೀರು ಖರೇನೇ ಬರ್ತಾವಂತ ಮುಂಜಾನಿ ಹೇಳಬಾರದಿತ್ತೇನ?”