ಗಾಲಿ ತಪ್ಪಿದ ವ್ಯಾನ್

ಅಚ್ಯುತನ ಸಂಗ್ರಹಕ್ಕೆ ಒಂದೇ ಒಂದು ಬ್ರೇಕ್ ವ್ಯಾನಿನ ಕೊರತೆಯಿತ್ತು. ಗೂಡ್ಸ್ ರೈಲಿನ ಬಾಲಕ್ಕೆ ಗಾರ್ಡಿಗೆಂದು ಜೋಡಿಸುತ್ತಿದ್ದ ಬ್ರಿಟಿಷರ ಕಾಲದ ಆ ಡಬ್ಬಿಗಳ ಅಂಗೈಯಗಲದ ಪುಟ್ಟ ಮಾದರಿಗಳನ್ನೆಲ್ಲ ಅವನು ಕೂಡಿಹಾಕಿದ್ದ. ಎರಡೂ ತುದಿಗೆ ಜಗಲಿಯಿದ್ದದ್ದು ಮಾತ್ರ ಗೆಳೆಯ ವಿಠ್ಠಲನ ಕಪಾಟಿನಲ್ಲಿತ್ತು. ಕಟ್ಟಿಗೆಯಲ್ಲಿ ತಾನೇ ಕೆತ್ತಿದ್ದ ಅದನ್ನು ವಿಠ್ಠಲ ಬದುಕಿರುವತನಕ ಯಾರಿಗೂ ಮುಟ್ಟಗೊಡಲಿಲ್ಲ.

ಅವನು ತೀರಿ ತಿಂಗಳಾದ ಮೇಲೆ ಅವನ ಹೆಂಡತಿಯೇ ಅಚ್ಯುತನನ್ನು ಕರೆಸಿ ಕಪಾಟು ತೆರೆದಳು.

"ಒಂದೊಂದ ನೋಡಿ ಹೇಳ್ರಿ, ಯಾವುದು ಬರೋಬರಿ ಅದ, ಯಾವುದು ತಪ್ಪದ."

ಅಚ್ಯುತ ಹತ್ತನ್ನು ಸರಿ ಎಂದ. ಕೊನೆಗೆ ಹನ್ನೊಂದನೆಯದನ್ನು, ಆ ಎರಡು ಜಗಲಿಯದನ್ನು, ಎತ್ತಿ ಬೆಳಕಿಗೆ ಹಿಡಿದ. ಅದರಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ಇದು ತಪ್ಪದ ವೈನಿ. ಗಾಲಿ ನಡುವಿನ ಅಂತರ ಕೂಡಂಗಿಲ್ಲ."

"ಖರೇನ? ಇದರ ಸಲುವಾಗಿ ಕಣ್ಣು ಕಳಕೊಂಡ್ರು ಅವರು."

"ಖರೇನ. ತಿಳಿದವರು ನೋಡಿದ್ರ ನಗತಾರ. ಕೊಡ್ರಿ, ನಾನ ಒಯ್ದು ಎಲ್ಲ್ಯರ ಒಗೀತೀನಿ."

"ನಿಮಗ್ಯಾಕ ತ್ರಾಸು," ಎಂದು ಅವಳು ಅದನ್ನು ಇಸಿದುಕೊಂಡು ಒಳಗೆ ಹೋದಳು. ಕಾಗದ ಸುತ್ತಿ ತರುತ್ತಾಳೆಂದು ಅವನು ಕಾದ. ಬಚ್ಚಲಮನೆಯಿಂದ ವಾರ್ನಿಶ್ ಸುಟ್ಟ ವಾಸನೆ ಬಂತು.

ಕೈ ಒರೆಸಿಕೊಳ್ಳುತ್ತ ಬಂದವಳು ಉಳಿದ ಹತ್ತನ್ನೂ ಚೀಲಕ್ಕೆ ತುಂಬಿ ಅವನ ಮುಂದಿಟ್ಟಳು.

"ಹೋಗೋ ಮುಂದ ಹೇಳಿದ್ರು, ಅಚ್ಯುತ ಸರಿ ಅಂದದ್ದೆಲ್ಲ ಅವಗ ಕೊಡು, ತಪ್ಪಂದದ್ದು ಒಲಿಗೆ ಹಾಕು ಅಂತ. ನಿಮ್ಮ ಕಣ್ಣಿನ ಮ್ಯಾಲೆ ಭಾಳ ನಂಬಿಕಿ ಅವರಿಗೆ."

ಆ ಹತ್ತೂ ಅವನ ಮನೆಯಲ್ಲಿ ಮೊದಲೇ ಇದ್ದಂಥವು. ಸುಟ್ಟದ್ದು ಒಂದು.