ಬರ್ತೀನಿ

ಬೇಸಿಗೆ ಬಂತೆಂದರೆ ಕಲಬುರಗಿಯ ನಮ್ಮ ಓಣಿ ಬೆಳಿಗ್ಗೆ ಹನ್ನೊಂದಕ್ಕೆ ನೆಲದಡಿಯ ನೆಲಮನೆಗೆ ಇಳಿಯುತ್ತದೆ. ನಲವತ್ತೈದರ ಕಾಲ ಹೋಯಿತು; ಈಗಿನ ಐವತ್ತೆಂಟು ಡಿಗ್ರಿಯಲ್ಲಿ ಮೇಲೆ ಯಾರೂ ಉಳಿಯುವುದಿಲ್ಲ. ಬಾಗಿಲು ಹಾಕುವ ಕೆಲಸ ನನ್ನದು. ಒಮ್ಮೆ ಹಾಕಿದರೆ ಹೊತ್ತು ಮುಳುಗುವವರೆಗೆ ತೆಗೆಯುವಂತಿಲ್ಲ. ಹುಲ್ಲು ತುಂಬಿದ ಮೊಳದಪ್ಪದ ಬಾಗಿಲು ಅದು. ಹೊರಗೆ ಬಡಿದರೂ ಒಳಗೆ ಕೇಳಿಸುವುದಿಲ್ಲ.

ನಿನ್ನೆ ಬಾಗಿಲು ಎಳೆಯುವಾಗ ಮೇಲಿನಿಂದ ಪಕ್ಕದ ಮನೆಯ ಇಮಾಂಬಿ ಕೂಗಿದಳು.

“ನೀಲಕ್ಕಾ, ನಾ ಬರ್ತೀನೀ!”

“ಹೂಂ, ಹೋಗಿ ಬಾರವ್ವಾ,” ಎಂದೆ. ಹಿಂದಿನ ಓಣಿಯ ನೆಲಮನೆಯಲ್ಲಿ ಅವಳ ತಂಗಿ ಹುಸೇನಬಿ ಇರುತ್ತಾಳೆ. ಅಲ್ಲಿಗೆ ಹೊರಟಿದ್ದಾಳೆ ಎಂದುಕೊಂಡೆ. ಬಿಸಿಗಾಳಿ ಮುಖ ಸುಡುತ್ತಿತ್ತು. ಅಗುಳಿ ಹಾಕಿದೆ.

ಸಂಜೆ ಬಾಗಿಲು ತೆರೆದಾಗ ಇಮಾಂಬಿ ಕೊನೆಯ ಮೆಟ್ಟಿಲ ಮೇಲೆ ಬಿದ್ದಿದ್ದಳು. ಉಸಿರು ನಿಂತು ಎಷ್ಟೋ ಹೊತ್ತಾಗಿತ್ತು.

ಇಂದು ನಸುಕಿನಲ್ಲೇ ಅವಳಿಗೆ ಮಣ್ಣು ಕೊಟ್ಟಾಯಿತು. ಹನ್ನೊಂದಕ್ಕೆ ಹುಸೇನಬಿ ನಮ್ಮ ನೆಲಮನೆಗೇ ಇಳಿದು ಬಂದಳು. ನನ್ನ ಪಕ್ಕ ಕೂತು ಕೈ ಹಿಡಿದುಕೊಂಡಳು.

“ನಿಂದೇನ್ ತಪ್ಪದ ಅಕ್ಕಾ? ಬರೋರೂ ಬರ್ತೀನಿ ಅಂತಾರ, ಹೊಂಟೋರೂ ಬರ್ತೀನಿ ಅಂತಾರ. ಹೋಗ್ತೀನಿ ಅಂತ ಯಾರರೆ ಬಾಯಿಬಿಟ್ಟು ಅಂತಾರೇನು? ನಾ ಇದ್ರೂ ಹಂಗೇ ತಿಳೀತಿದ್ದೆ.”

ಸುತ್ತಲಿದ್ದವರೆಲ್ಲ ಹೌದೆಂದರು. ನಾನೂ ತಲೆ ಆಡಿಸಿದೆ.

ಆ ಕೂಗಿನ ಜೊತೆ ಚಪ್ಪಲಿಯ ಸದ್ದೂ ಕೇಳಿಸಿತ್ತು ಎಂದು ಅವಳಿಗೆ ಹೇಳಲಿಲ್ಲ. ಓಡುವ ಸದ್ದು. ಅದು ಹತ್ತಿರವಾಗುತ್ತಿತ್ತು.