ಹಗೇವಿಗೆ ಇಳಿಸಿದ ಬೆಳಕು

ಶಿವಲೀಲಾ ಬೂದಿ ಹಚ್ಚಿದ ಅರಿವೆಯನ್ನು ಕಂದೀಲಿನ ಗಾಜಿನೊಳಗೆ ತುರುಕಿ ತಿರುವುತ್ತಿದ್ದಳು. ಮೈದುನ ಹೊನ್ನೂರಸ್ವಾಮಿ ಗೂಟದಲ್ಲಿದ್ದ ಒಂದು ಸುರುಳಿ ವೈರು ಕಿತ್ತು ಅಂಗಳದ ಹೂಳಿನ ಗುಡ್ಡೆಗೆ ಎಸೆದ. ತುದಿಯ ಹೋಲ್ಡರಿನಲ್ಲಿ ಬಲ್ಬು ಇನ್ನೂ ಇತ್ತು, ಮೈತುಂಬ ಕೆಸರು.

"ಲೇ, ಚಲೋ ವೈರ್ ಯಾಕ ಒಗಿತಿ?" ಅತ್ತೆ ಗಾದೆಮ್ಮ ಕಟ್ಟೆಯ ಮೇಲಿಂದ ಗದರಿದಳು. "ತೊಳದ್ರ ಹೊಸಾದರಂಗ ಆಗ್ತೈತಿ."

"ನೀರು ಹೊಕ್ಕೈತಿ ಯವ್ವಾ. ಇನ್ನ ಬರಂಗಿಲ್ಲ ಅದು."

ಅವನು ಇಬ್ಬರ ಮುಖವನ್ನೂ ನೋಡಲಿಲ್ಲ. ಎರಡು ವರ್ಷದಿಂದ ಈ ಮನೆಯಲ್ಲಿ ಯಾರ ಕಣ್ಣನ್ನೂ ಎದುರಿಸದವನು. ಶಿವಲೀಲಾ ಅದನ್ನು ಗಮನಿಸುತ್ತಲೇ ಬಂದಿದ್ದಳು.

ಸೈಕ್ಲೋನ್ ಮಳೆಗೆ ಹೊಳೆ ಹಲವಾಗಲು ಊರಿನ ಕೆಳಗಿನ ಓಣಿಗೆ ನುಗ್ಗಿ, ಈಗ ಇಳಿದಿತ್ತು. ಲೈಟಿನ ಕಂಬಗಳು ಹೊಲಗಳಲ್ಲಿ ಅಡ್ಡ ಬಿದ್ದಿದ್ದವು. ವಾರದ ಮೇಲಾಗಿತ್ತು, ಊರಿಗೆ ಕರೆಂಟಿಲ್ಲ. ಅಡುಗೆಮನೆಯ ಹಿಂಗೋಡೆ ಕುಸಿದು, ಮೂಟೆಯಲ್ಲಿದ್ದ ಕಾಳೆಲ್ಲ ಮೊಳೆತು ನಾರುತ್ತಿತ್ತು. ಉಳಿದದ್ದು ಅಂಗಳದ ಹಗೇವು ಮಾತ್ರ. ನೆಲದೊಳಗಿನ ಆ ಎರಡಾಳುದ್ದದ ಗುಂಡಿಯ ತಳದಲ್ಲಿ ಬೇಸಿಗೆಯವರೆಗೆ ಉಣ್ಣಬೇಕಾದ ಜೋಳವಿತ್ತು. ಅಂಚಿಗೆ ನೀರು ಜಿನುಗಿದ್ದರೂ ನಡುವಿನದು ಒಣಗಿರಬಹುದು. ಬೇಗ ತೆಗೆಯದಿದ್ದರೆ ಅದೂ ಇಲ್ಲ.

ಎರಡು ವರ್ಷದ ಹಿಂದೆ ಅವಳ ಗಂಡ ಓಬಳೇಶ ಇಳಿದು ಮೇಲೆ ಬಾರದೇ ಹೋದದ್ದು ಇದೇ ಹಗೇವಿನಿಂದ. ಮುಚ್ಚಿಟ್ಟ ಕಾಳಿನ ಕೆಟ್ಟ ಗಾಳಿ ಅವನನ್ನು ಹಿಡಿದಿತ್ತು. ಇಳಿಯುವ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಬಿಟ್ಟು ನೋಡುವುದು ಹಿಂದಿನಿಂದ ಬಂದ ರೂಢಿ. ಆರಿದರೆ ಯಾರೂ ಇಳಿಯುವುದಿಲ್ಲ. ಆ ದಿನ ಶಿವಲೀಲಾ ತೆಲಿಗಿಯ ತವರಿನಲ್ಲಿದ್ದಳು. ಓಡಿ ಬಂದಾಗ ಹೊನ್ನೂರಸ್ವಾಮಿ ಗೋಡೆಗೆ ಮುಖಮಾಡಿ ಹೇಳಿದ್ದು ಇಷ್ಟೇ, "ಬಿಟ್ಟು ನೋಡಿದ್ವಿ. ಆರಲಿಲ್ಲ."

"ಆರದ ಮ್ಯಾಲೂ ನನ್ನ ಮಗ ಸತ್ತಾನ ಅಂದ್ರ, ಅದು ಹೆಂಡ್ತಿ ಕಾಲ್ಗುಣ" ಎಂದಿದ್ದಳು ಗಾದೆಮ್ಮ. ನೀರು ತರುವಾಗ, ರೊಟ್ಟಿ ಬಡಿಯುವಾಗ, ನೆಂಟರ ಮುಂದೆ, ಅದೇ ಮಾತು ಇಂದಿಗೂ ಬರುತ್ತಿತ್ತು.

ಶಿವಲೀಲಾ ಅದನ್ನು ನಂಬಿರಲಿಲ್ಲ. ಒಂದೋ ಮೈದುನ ಕಂದೀಲು ಬಿಟ್ಟೇ ಇರಲಿಲ್ಲ, ಇಲ್ಲವೇ ಆರಿದ್ದನ್ನು ಮುಚ್ಚಿಟ್ಟಿದ್ದ. ಗಂಡನ ಪಾಲಿನ ಹೊಲವನ್ನು ಈಗ ಉಳುತ್ತಿರುವವನೂ ಅವನೇ.

ಆ ಕಾಲ್ಗುಣದ ಮಾತಿನಿಂದಾಗಿ, ಹಗೇವಿನ ಬಾಯಿ ತೆರೆಯುವಾಗ ಅವಳು ಹತ್ತಿರ ಸುಳಿಯುವಂತಿರಲಿಲ್ಲ. ಇವತ್ತು ಹಗ್ಗ ಹಿಡಿಯಲು ಬೇರೆ ಯಾರೂ ಇರಲಿಲ್ಲ. ಓಣಿಯವರೆಲ್ಲ ತಮ್ಮ ತಮ್ಮ ಹೂಳು ಬಾಚುತ್ತಿದ್ದರು.

ಕಲ್ಲು ಸರಿಸಿದರು. ಹುಳಿ ವಾಸನೆ ಮೇಲೆ ಬಂತು.

"ಇರಾದು ಅಷ್ಟ ಎಣ್ಣಿ" ಎಂದಳು ಗಾದೆಮ್ಮ. "ಅದನ್ನೂ ಇಲ್ಲೇ ಸುಟ್ರ ಸಂಜಿಗೆ ನಿನ್ನ ಮೀಸಿ ಹಚ್ಚಬೇಕೇನು? ಆ ಬ್ಯಾಟ್ರಿ ಕಟ್ಟಿ ಬಿಡು, ಸಾಕು."

"ಬ್ಯಾಟ್ರಿ ಬ್ಯಾಡ." ಹೊನ್ನೂರಸ್ವಾಮಿಯ ದನಿ ಒಮ್ಮೆಲೇ ಗಡುಸಾಯಿತು. "ಕಂದೀಲ ಬೇಕು. ಕೊಡ್ರಿ ಅತ್ತಿಗಿ."

ತನ್ನ ಜೀವಕ್ಕೆ ಬಂದಾಗ ಕಂದೀಲು ಬೇಕು, ಎಂದುಕೊಂಡಳು ಅವಳು.

ಕಂದೀಲು ಹಚ್ಚಿ, ಹಗ್ಗಕ್ಕೆ ಕಟ್ಟಿ ಒಳಗೆ ಬಿಟ್ಟಳು. ಗಾಜಿನೊಳಗಿನ ಜ್ವಾಲೆ ಸಣ್ಣದಾಯಿತು, ನೀಲಿಯಾಯಿತು, ಆರಿತು. ಮೇಲೆಳೆದು ಹಚ್ಚಿ ಮತ್ತೆ ಬಿಟ್ಟಳು. ಅಲ್ಲಿಯೇ ಆರಿತು.

"ನಿಮ್ಮಣ್ಣ ಇಳಿಯಾ ದಿನ ಆರಲಿಲ್ಲ ಅಂದಿದ್ದಿ."

"ಹೂಂ."

"ಅವ್ವನ ಮ್ಯಾಲೆ ಆಣಿ ಮಾಡು."

ಅವನು ಕಟ್ಟೆಯತ್ತ ನೋಡಿದ. "ಅವ್ವನ ಮ್ಯಾಲೆ ಆಣಿ. ಆರಲಿಲ್ಲ."

"ಮತ್ತ ಅವತ್ತು ಆರದ್ದು ಇವತ್ತು ಯಾಕ ಆರ್ತು?" ಗಾದೆಮ್ಮ ಕಟ್ಟೆ ಇಳಿದು ಬಂದಳು.

"ಈ ಸಲ ನೀರು ಹೊಕ್ಕೈತಲ್ಲ ಯವ್ವಾ. ಕಾಳು ಕೊಳತಾವ, ಅದಕ್ಕ." ಉತ್ತರ ಬಾಯಿಯಲ್ಲೇ ಸಿದ್ಧವಿದ್ದಂತೆ ಬಂತು. ಒಳಗಿನ ಗಾಳಿ ಕಲಕಲು ಬೇವಿನ ಟೊಂಗೆ ತರುತ್ತೇನೆಂದು ಅವನು ಸರಸರ ಹೊರಟ.

ತಾಯಿಯ ತಲೆಯ ಮೇಲೆ ಸುಳ್ಳು ಆಣೆ ಇಡುವಷ್ಟಕ್ಕೆ ಹೋದ. ಇನ್ನು ಸಾಕು. ಸಂಜೆ ಊರ ಹಿರಿಯರಾದ ಮೈಲಾರಲಿಂಗಪ್ಪನವರ ಮುಂದೆ ಎಲ್ಲವನ್ನೂ ಹೇಳಿಯೇಬಿಡಬೇಕು, ಎಂದುಕೊಂಡು ಶಿವಲೀಲಾ ಹಗ್ಗ ಸುತ್ತತೊಡಗಿದಳು. ಹೇಳಿದರೆ ಕಾಲ್ಗುಣದ ಮಾತು ಈ ದಿನಕ್ಕೇ ಮುಗಿಯುತ್ತದೆ.

ಗಾದೆಮ್ಮ ಹಗೇವಿನ ಬಾಯಿಯನ್ನೇ ನೋಡುತ್ತ ನಿಂತಿದ್ದಳು. ಬಹಳ ದಿನಗಳ ಮೇಲೆ ಅವಳ ದನಿ ಮೆತ್ತಗಿತ್ತು.

"ಶಿವಲೀಲಾ, ಆ ವೈರ್ ತಂದು ತೊಳದಿಡು. ಈ ಕಂದೀಲ ನಂಬಂಗಿಲ್ಲ, ಸುಮ್ಸುಮ್ನ ಆರ್ತೈತಿ. ಕರೆಂಟ್ ಬರ್ಲಿ, ಅದನ್ನ ಬಿಡೋಣು. ಅವತ್ತೂ ಎಣ್ಣಿ ಯಾಕ ದಂಡ ಅಂತ ನಾನ ಬಲ್ಬ್ ಹಚ್ಚಿ, ನನ್ನ ಕೈಯಾರ ಬಿಟ್ಟಿದ್ದೆ. ತಳದಾಗಿನ ಕಾಳು ಕಾಳು ಕಾಣ್ತಿತ್ತು. ಆರಲೇ ಇಲ್ಲ ನೋಡು. ನಾನ ಅಂದೆ, ಇಳಿಯಪ್ಪ ಓಬಳೇಶ, ಏನೂ ಆಗಂಗಿಲ್ಲ ಅಂತ."

ಹಗ್ಗ ಸುತ್ತುತ್ತಿದ್ದ ಕೈ ನಿಂತಿತು. ಬಲ್ಬು ಆರುವುದಿಲ್ಲ. ಎಂಥ ಗಾಳಿಯಲ್ಲೂ ಆರುವುದಿಲ್ಲ.

ಬಾಗಿಲ ಬಳಿ ಹೊನ್ನೂರಸ್ವಾಮಿ ಬೇವಿನ ಟೊಂಗೆ ಹಿಡಿದು ನಿಂತಿದ್ದ. ಎರಡು ವರ್ಷದಲ್ಲಿ ಮೊದಲ ಸಲ ಅವನು ಅವಳ ಕಣ್ಣನ್ನೇ ನೋಡಿದ. ತಲೆಯನ್ನು ಸ್ವಲ್ಪವೇ, ಅವ್ವನಿಗೆ ಹೇಳಬೇಡ ಎಂಬಂತೆ ಆಡಿಸಿದ.

"ಆದ್ರೂ ಇವತ್ತು ಯಾಕ ಆರ್ತವಾ ಇದು?" ಗಾದೆಮ್ಮ ಮತ್ತೆ ಕೇಳಿದಳು.

"ಈ ಸಲ ನೀರು ಹೊಕ್ಕೈತಿ ಅತ್ತಿ, ಅದಕ್ಕ" ಎಂದಳು ಶಿವಲೀಲಾ. ಹೂಳಿನ ಗುಡ್ಡೆಯ ಬಳಿ ಹೋಗಿ ವೈರನ್ನು ಎತ್ತುವಂತೆ ಬಾಗಿ, ಬಲ್ಬನ್ನು ಹಿಮ್ಮಡಿಯಿಂದ ಒಡೆದು ಕೆಸರಿನ ಆಳಕ್ಕೆ ತುಳಿದಳು.